ಡಬ್ಬಿಯೊಳಗಿನ ಪಂಕ್ತಿಭೇದ

ದೆಹಲಿ ಸುತ್ತಲಿನ ಖಾಸಗಿ ಶಾಲೆಗಳಲ್ಲಿ ಈಗ ‘ವಿಶ್ವ ಆಹಾರ ಉತ್ಸವ’ಗಳ ಸಂಭ್ರಮ. ಮಕ್ಕಳು ಬಾಣಸಿಗರ ಬಿಳಿ ಟೋಪಿ ಧರಿಸಿ ಇಟಲಿಯ ಪಾಸ್ತಾ, ಮೆಕ್ಸಿಕೊದ ಟ್ಯಾಕೊ, ಜಪಾನಿನ ಸುಶಿ ಎಂದು ಮಳಿಗೆಗಳನ್ನು ಇಡುತ್ತಾರೆ. ನನ್ನ ಮಗಳ ಶಾಲೆಯ ಉತ್ಸವದಲ್ಲಿ ಟ್ಯಾಕೊದೊಳಗೆ ರಾಜ್ಮಾ ಇತ್ತು, ಸುಶಿಯೊಳಗೆ ಸೌತೆಕಾಯಿ ಇತ್ತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ತರಗತಿಯ ಕರಾವಳಿ ಕಡೆಯ ಹುಡುಗಿಯೊಬ್ಬಳು ಒಂದು ದಿನ ಡಬ್ಬಿಯಲ್ಲಿ ಹುರಿದ ಬಂಗುಡೆ ತಂದಾಗ ಅದು ದೂರಾಯಿತು, ಪಾಲಕರ ಸಭೆಯ ವಿಷಯವಾಯಿತು. ಮೀನಿಲ್ಲದ ಜಪಾನು ನಮಗೆ ಸಂಸ್ಕೃತಿ. ಪಕ್ಕದ ಬೆಂಚಿನ ಬಂಗುಡೆ ಬರೀ ವಾಸನೆ.

ಇದು ಒಂದು ಶಾಲೆಯ ಕಥೆಯಲ್ಲ. 2024ರ ಆಗಸ್ಟಿನಲ್ಲಿ ನೋಯ್ಡಾದ ಪ್ರತಿಷ್ಠಿತ ಶಾಲೆಯೊಂದು ಮಕ್ಕಳ ಡಬ್ಬಿಯಲ್ಲಿ ಮಾಂಸಾಹಾರ ಕಳುಹಿಸಬೇಡಿ ಎಂದು ಪಾಲಕರಿಗೆ ಸುತ್ತೋಲೆ ಕಳಿಸಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದು ಕೊಟ್ಟ ಕಾರಣಗಳು ಎರಡು: ಆರೋಗ್ಯ ಮತ್ತು ಒಳಗೊಳ್ಳುವಿಕೆ. ಎರಡನ್ನೂ ಪರೀಕ್ಷಿಸೋಣ.

ಬೆಳಿಗ್ಗೆ ಬೇಯಿಸಿದ ಮಾಂಸ ಮಧ್ಯಾಹ್ನಕ್ಕೆ ಕೆಡಬಹುದು ಎಂಬುದು ಮೊದಲ ವಾದ. ಕೆಡಬಹುದು, ನಿಜ. ಪನೀರೂ ಕೆಡುತ್ತದೆ. ಬೇಯಿಸಿ ಸೆಕೆಯಲ್ಲಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಾಣು ಬೆಳೆದು ವಾಂತಿ ತರಿಸುತ್ತದೆ. ಆದರೂ ದೆಹಲಿಯ ಆಗಸ್ಟಿನಲ್ಲಿ ಅನ್ನ, ಪನೀರುಗಳ ಮೇಲೆ ನಿಷೇಧ ಹೇರಿದ ಸುತ್ತೋಲೆಯನ್ನು ನಾನು ಕಂಡಿಲ್ಲ. ಸೂಕ್ಷ್ಮಾಣುವಿಗೆ ಜಾತಿಯಿಲ್ಲ, ಅದರ ಹೆಸರಿನಲ್ಲಿ ಹೊರಡುವ ಸುತ್ತೋಲೆಗೆ ಇದೆ.

ಎರಡನೆಯ ವಾದ ಇನ್ನೂ ವಿಚಿತ್ರ. ಎಲ್ಲರನ್ನೂ ಒಳಗೊಳ್ಳಬೇಕು, ಆದ್ದರಿಂದ ಕೆಲವರ ಊಟ ಹೊರಗಿರಲಿ ಎನ್ನುವುದು ಯಾವ ತರ್ಕ? ತನ್ನ ಮನೆಯ ಅಡುಗೆಯನ್ನು ಮುಚ್ಚಿಡಬೇಕಾದ ಮಗು ಒಳಗೆ ಬಂದಿದೆ ಎಂದು ಹೇಗೆ ಹೇಳುವುದು?

ನಾನು ಹುಟ್ಟಿನಿಂದ ಸಸ್ಯಾಹಾರಿ. ಬದಲಿಸುವ ಇಚ್ಛೆಯೂ ಇಲ್ಲ. ಪ್ರಾಣಿಹಿಂಸೆಯ ಪ್ರಶ್ನೆ, ಮಾಂಸೋದ್ಯಮವು ನೀರು ಮತ್ತು ಹವಾಮಾನದ ಮೇಲೆ ಹೇರುವ ಭಾರದ ಪ್ರಶ್ನೆ ಗಂಭೀರವಾದವು, ಶಾಲೆಯಲ್ಲಿ ಚರ್ಚೆಯಾಗಲೇಬೇಕಾದವು. ಆದರೆ ಆ ಚರ್ಚೆ ಪ್ರಾಮಾಣಿಕವಾಗಿದ್ದರೆ ಅದು ನಮ್ಮ ಹಾಲು, ಪನೀರುಗಳನ್ನೂ ಬಿಡಲಾರದು: ಬತ್ತಿದ ಎಮ್ಮೆ ಎಲ್ಲಿಗೆ ಹೋಗುತ್ತದೆ, ಗಂಡು ಕರು ಏನಾಗುತ್ತದೆ ಎಂದು ಕೇಳಲೇಬೇಕು. ನೀತಿ ಎಂದರೆ ನನ್ನ ತಟ್ಟೆಗೆ ನಾನು ಹಾಕಿಕೊಳ್ಳುವ ನಿಯಮ. ಅದನ್ನು ಇನ್ನೊಬ್ಬರ ಮಗುವಿನ ಡಬ್ಬಿಗೆ ಹಾಕಿದ ಕ್ಷಣ ಅದು ನೀತಿಯಾಗಿ ಉಳಿಯುವುದಿಲ್ಲ. ಅದಕ್ಕೆ ಕನ್ನಡದಲ್ಲಿ ಹಳೆಯ ಹೆಸರಿದೆ: ಮಡಿ.

ಇದು ಸಸ್ಯಾಹಾರಿಗಳಷ್ಟೇ ಮಾಡುವ ತಪ್ಪೆಂದು ನಾನು ಹೇಳುತ್ತಿಲ್ಲ. ಫ್ರಾನ್ಸಿನ ಶಾಲೋನ್ ಸುರ್ ಸೋನ್ ಎಂಬ ಪಟ್ಟಣದಲ್ಲಿ 2015ರಲ್ಲಿ ಶಾಲಾ ಊಟದಲ್ಲಿ ಹಂದಿಮಾಂಸಕ್ಕೆ ಬದಲಿಯಾಗಿ ಕೊಡುತ್ತಿದ್ದ ಊಟವನ್ನೇ ಜಾತ್ಯತೀತತೆಯ ಹೆಸರಿನಲ್ಲಿ ನಿಲ್ಲಿಸಲಾಯಿತು. ವಿವಾದ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿ ತೊಂದರೆಗೊಳಗಾದವರು ಹಂದಿಮಾಂಸ ತಿನ್ನದ ಮುಸ್ಲಿಂ ಮತ್ತು ಯಹೂದಿ ಮಕ್ಕಳು. ತಟ್ಟೆ ಬೇರೆ, ತರ್ಕ ಒಂದೇ: ಬಲವಿದ್ದವರ ಊಟವೇ ಎಲ್ಲರ ಊಟ.

ನಮ್ಮ ನಾಡಿನಲ್ಲಿ ಈ ಜಗಳ ಮೊಟ್ಟೆಯ ರೂಪದಲ್ಲಿ ನಡೆಯಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣಿನ ಆಯ್ಕೆ ಇದ್ದೇ ಇತ್ತು. ಆದರೂ ಪಕ್ಕದ ಮಗುವಿನ ತಟ್ಟೆಯಲ್ಲಿ ಮೊಟ್ಟೆ ಇರುವುದೇ ಕೂಡದು ಎಂಬುದು ಅವರ ಬೇಡಿಕೆಯಾಗಿತ್ತು. ಕೊಡದಿದ್ದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಕೊಟ್ಟ ಉತ್ತರವನ್ನು ನಾವೆಲ್ಲ ಫೋನಿನಲ್ಲಿ ನೋಡಿ ಮೆಚ್ಚಿದ್ದೆವು.

ಲೆಕ್ಕ ಸರಳವಾಗಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯ ಮಗುವಿನ ಊಟದಲ್ಲಿ 12 ಗ್ರಾಂ ಪ್ರೋಟೀನ್ ಇರಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಬಾಳೆಹಣ್ಣಿನಲ್ಲಿ 1 ಗ್ರಾಂ ಆಸುಪಾಸು. ಕೊನೆಗೆ 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆಯಾಯಿತು. ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಇತ್ತು. ಬಡವರ ಸರ್ಕಾರಿ ಶಾಲೆಗೆ ಸಾಧ್ಯವಾದ ಈ ಸರಳ ಉಪಾಯ ಲಕ್ಷಾಂತರ ಶುಲ್ಕದ ಶಾಲೆಗಳಿಗೆ ಏಕೆ ಹೊಳೆಯುವುದಿಲ್ಲ?

ಪ್ರಶ್ನೆ ಮಾಂಸದ್ದೇ ಆಗಿದ್ದರೆ ಮಾಂಸ ಹೋದಲ್ಲಿ ಜಗಳವೂ ಮುಗಿಯಬೇಕಿತ್ತು. 2021ರ ಅದೇ ಡಿಸೆಂಬರಿನಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಸೂಖೀಢಾಂಗ್‌ನಲ್ಲಿ ಮೇಲ್ಜಾತಿಯ ಮಕ್ಕಳು ಶಾಲೆಯ ಊಟ ಬಿಟ್ಟದ್ದು ಮೊಟ್ಟೆಗಾಗಿ ಅಲ್ಲ, ಅಡುಗೆ ಮಾಡಿದಾಕೆ ದಲಿತ ಮಹಿಳೆ ಎಂಬುದಕ್ಕಾಗಿ. ಇಂದು ಪಕ್ಕದವಳ ಡಬ್ಬಿ ಕೊಳಕು ಎಂದು ಕಲಿತ ಮಗು ನಾಳೆ ಆ ಡಬ್ಬಿ ಕಟ್ಟಿದ ಕೈಯನ್ನೂ ಕೊಳಕೆನ್ನಲು ಹೊಸದಾಗಿ ಕಲಿಯಬೇಕಾಗಿಲ್ಲ.

ಇನ್ನು ನಮ್ಮ ವಿಷಯ. ಹೊರನಾಡ ಕನ್ನಡಿಗರಾದ ನಾವು ಉತ್ತರದವರು ನಮ್ಮನ್ನು ಇಡ್ಲಿ-ಸಾಂಬಾರಿಗೆ ಇಳಿಸುತ್ತಾರೆಂದು ಗೊಣಗುತ್ತೇವೆ. ಆದರೆ ದೆಹಲಿಯ ನಮ್ಮ ಹಬ್ಬದೂಟಗಳಲ್ಲಿ ನಾನು ಉಂಡ ಎಲೆಗಳಲ್ಲಿ ಮುದ್ದೆ ಮತ್ತು ನಾಟಿಕೋಳಿ ಸಾರು, ಕೊಡಗಿನ ಪಂದಿ ಕರಿ, ಕರಾವಳಿಯ ಮೀನು ಒಮ್ಮೆಯೂ ಕಾಣಲಿಲ್ಲ. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಸ್ಯಾಹಾರಿಗಳು ಸುಮಾರು ಐದರಲ್ಲೊಬ್ಬರು. ಆ ಒಬ್ಬರ ಊಟಕ್ಕೆ ‘ಕರ್ನಾಟಕದ ಊಟ’ ಎಂದು ಹೆಸರಿಟ್ಟು ಮಿಕ್ಕ ನಾಲ್ವರನ್ನು ಅತಿಥಿಗಳನ್ನಾಗಿ ಕೂರಿಸುವವರು ಶಾಲೆಯ ಸುತ್ತೋಲೆಯನ್ನು ಟೀಕಿಸುವುದು ಹೇಗೆ?

ಆ ಪಾಲಕರ ಸಭೆಯಲ್ಲಿ ನಾನೂ ಇದ್ದೆ. ಬಂಗುಡೆಯ ಹುಡುಗಿಯ ತಾಯಿ ಎದ್ದು ಕ್ಷಮೆ ಕೇಳಿದರು. ನಾನು ಕನ್ನಡಿಗನೆಂದು ಅವರಿಗೆ ಗೊತ್ತಿತ್ತು. ಒಮ್ಮೆ ನನ್ನತ್ತ ನೋಡಿದರು. ನಾನು ಮಾತಾಡಲಿಲ್ಲ. ನನ್ನ ಡಬ್ಬಿಯ ಪ್ರಶ್ನೆಯಲ್ಲವಲ್ಲ ಎಂದುಕೊಂಡೆ. ಮಾತಾಡಬೇಕಾದವನು ನಾನೇ ಆಗಿದ್ದೆ. ಮೀನು ತಿನ್ನುವವರು ಮೀನಿನ ಪರ ಮಾತಾಡಿದರೆ ಅದು ಹಟವೆನಿಸುತ್ತದೆ. ತಿನ್ನದವನು ಮಾತಾಡಿದರೆ ಮಾತ್ರ ಅದು ನ್ಯಾಯದ ಪ್ರಶ್ನೆ ಎಂದು ಇಂಥ ಸಭೆಗೆ ಅರ್ಥವಾಗುತ್ತದೆ. ಆದ್ದರಿಂದ ಸಸ್ಯಾಹಾರಿ ಪಾಲಕರಲ್ಲಿ ನನ್ನ ವಿನಂತಿ: ಮುಂದಿನ ಸುತ್ತೋಲೆ ಬಂದಾಗ ಮೊದಲು ನಾವು ಎದ್ದು ನಿಲ್ಲೋಣ. ಯುಗಾದಿಯ ಊಟದಲ್ಲಿ ಎರಡು ಬಗೆಯ ಅಡುಗೆ ಇರಲಿ, ಪಂಕ್ತಿ ಒಂದೇ ಇರಲಿ. ವಿಶ್ವದ ಅಡುಗೆಯನ್ನು ಆಮೇಲೆ ನೋಡೋಣ.