ಜಹೀರಾಬಾದಿನ ಸಂಘದ ಹೆಂಗಸರು

ಬೀದರಿನ ಕಡೆಯ ನಮ್ಮ ವಾಚಕರು ಹಬ್ಬಕ್ಕೆಂದು ಊರಿಗೆ ಹೊರಟಾಗ ದಾರಿಯಲ್ಲಿ ಜಹೀರಾಬಾದು ಬರುವುದು. ಬಸ್ಸು ನಿಂತಾಗ ಇಳಿದು ಚಹ ಕುಡಿದು ಮತ್ತೆ ಹತ್ತುವರು. ಆ ಊರಿಗೆ ಅಂಟಿಕೊಂಡಂತಿರುವ ಪಸ್ತಾಪುರದಲ್ಲಿಯೂ ಸುತ್ತಣ ಹತ್ತಾರು ಹಳ್ಳಿಗಳಲ್ಲಿಯೂ ಕಳೆದ ನಾಲ್ಕು ದಶಕಗಳಿಂದ ನಡೆದುಬಂದಿರುವ ಕಾರ್ಯವೊಂದು ದೇಶವಿದೇಶಗಳ ಗಮನವನ್ನು ಸೆಳೆದಿದೆ. ಅಲ್ಲಿಂದ ಸುಮಾರು ನೂರು ಕಿಲೋಮೀಟರು ದೂರದ ಹೈದರಾಬಾದಿನಲ್ಲಿ ಬಾಳುತ್ತಿರುವ ಕನ್ನಡಿಗರಾದ ನಮಗೆ ಮಾತ್ರ ಅದರ ಪರಿಚಯ ಸಾಲದು. ಪರಿಚಯವಿರಬೇಕಾದುದಕ್ಕೆ ಕಾರಣಗಳುಂಟು. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದು ತಾಲ್ಲೂಕು ಬೀದರ್ ಜಿಲ್ಲೆಗೇ ಸೇರಿದ್ದಿತು. ಈಗ ಅದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದ್ದರೂ ಮಣ್ಣು, ಬೆಳೆ, ತಟ್ಟೆಯೊಳಗಿನ ರೊಟ್ಟಿ ಗಡಿಯ ಎರಡು ಕಡೆಗೂ ಒಂದೇ ಆಗಿವೆ. ಅಲ್ಲದೆ, ಆ ಕಾರ್ಯಕ್ಕೆ ಮೊದಲು ಕೈಯಿಕ್ಕಿದವರಲ್ಲಿ ಪ್ರಮುಖರು ನಮ್ಮ ಮೈಸೂರಿನವರು.

ದಿವಂಗತ ಪಿ. ವಿ. ಸತೀಶರು ೧೯೪೫ರಲ್ಲಿ ಮೈಸೂರಿನಲ್ಲಿ ಜನಿಸಿ, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿ ದುಡಿದು, ೧೯೮೩ರಲ್ಲಿ ಕೆಲವರು ಮಿತ್ರರೊಡಗೂಡಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಸ್ಥಾಪಿಸಿದರು. ೨೦೨೩ರ ಮಾರ್ಚ್ ೧೯ರಂದು ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಸಿರಿಧಾನ್ಯಗಳ ಪ್ರಚಾರಕರೆಂದು ಕೊಂಡಾಡಿದುವು. ಅದು ಯಥಾರ್ಥವೇ. ಆದರೆ ನಮ್ಮ ಎಣಿಕೆಯಲ್ಲಿ ಅವರ ಹೆಚ್ಚಿನ ಗುಣ ಬೇರೊಂದು. ವೇದಿಕೆಯ ಮೇಲೆ ತಾವೇ ಸೊಗಸಾಗಿ ಮಾತನಾಡಬಲ್ಲವರಾಗಿದ್ದೂ ಅವರು ಮೈಕನ್ನೂ ಕ್ಯಾಮೆರಾವನ್ನೂ ಓದುಬರಹ ಕಾಣದ ಹೊಲದ ಹೆಂಗಸರ ಕೈಗೆ ಒಪ್ಪಿಸಿದರು. ಸಾರ್ವಜನಿಕ ಜೀವನದಲ್ಲಿ ಇಂಥ ತ್ಯಾಗವನ್ನು ಮಾಡುವವರು ವಿರಳರೆಂಬುದನ್ನು ಸಭೆ ಸಮಾರಂಭಗಳಲ್ಲಿ ಕುಳಿತು ಬೇಸತ್ತ ನಮ್ಮ ವಾಚಕರು ಬಲ್ಲರು.

ಈ ಹೆಂಗಸರಾದರೋ ಬಹುಮಟ್ಟಿಗೆ ದಲಿತ ವರ್ಗದವರು. ತುಂಡು ಭೂಮಿಯವರು, ಕೂಲಿಯನ್ನೇ ನೆಚ್ಚಿದವರು. ತಮ್ಮ ತಮ್ಮ ಹಳ್ಳಿಗಳಲ್ಲಿ ಅವರು ಕಟ್ಟಿಕೊಂಡ ಕೂಟಗಳಿಗೆ 'ಸಂಘಂ' ಎಂದು ಹೆಸರು. ಅವರ ಮುಂದೆ ಮೊದಲು ಬಂದು ನಿಂತುದು ಅನ್ನದ ಪ್ರಶ್ನೆ. ೧೯೮೩ರಲ್ಲಿ ಅಧಿಕಾರಕ್ಕೆ ಬಂದ ಎನ್. ಟಿ. ರಾಮರಾಯರ ಸರಕಾರವು ಬಡವರಿಗೆ ಕಿಲೋಗ್ರಾಮಿಗೆ ಎರಡು ರೂಪಾಯಿಯಂತೆ ಅಕ್ಕಿಯನ್ನು ಕೊಟ್ಟಿತು. ಉದ್ದೇಶವು ಒಳ್ಳೆಯದೇ ಆಗಿದ್ದಿತು. ಹಸಿದ ಹೊಟ್ಟೆಗೆ ಅದರಿಂದ ಆಧಾರವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಜೋಳ ಬೆಳೆಯುವ ಸೀಮೆಗೆ ದೂರದ ಗದ್ದೆಯ ಅಕ್ಕಿ ಬಂದಂತೆ ಜೋಳವನ್ನು ಕೇಳುವವರಿಲ್ಲವಾಯಿತು, ಹೊಲಗಳು ಬೀಳುಬಿದ್ದುವು, ರೊಟ್ಟಿಯುಣ್ಣುವುದು ಬಡತನದ ಗುರುತೆಂಬ ನಾಚಿಕೆಯೂ ಹಬ್ಬಿತು. ಏನನ್ನು ಉಣ್ಣುವಿರಿ, ಏನನ್ನು ಬೆಳೆಯುವಿರಿ ಎಂದು ಉಣ್ಣುವವಳನ್ನೂ ಬೆಳೆಯುವವಳನ್ನೂ ಯಾರೂ ಕೇಳಿರಲಿಲ್ಲ.

೧೯೯೦ರ ದಶಕದ ನಡುವಿನಲ್ಲಿ ಸಂಘದ ಹೆಂಗಸರು ಇದಕ್ಕೆ ತಮ್ಮದೇ ಆದ ಉತ್ತರವನ್ನು ಕಂಡುಕೊಂಡರು. ಬೀಳುಬಿದ್ದ ನೆಲವನ್ನು ಉತ್ತು ಹದಗೊಳಿಸಲು ಸಣ್ಣ ರೈತರಿಗೆ ಸಾಲ; ಆ ಸಾಲದ ತೀರುವೆ ಹಣದಲ್ಲಿ ಅಲ್ಲ, ಜೋಳದಲ್ಲಿ. ಹೀಗೆ ಕೂಡಿದ ಜೋಳವು ಆಯಾ ಹಳ್ಳಿಯ ಕಣಜಕ್ಕೆ ಸೇರಿ, ಮಳೆಗಾಲದ ಕಷ್ಟದ ತಿಂಗಳುಗಳಲ್ಲಿ ಕಡುಬಡವರ ಮನೆಗೆ ಅಗ್ಗದ ದರದಲ್ಲಿ ಸಲ್ಲುವುದು. ಯಾರು ಕಡುಬಡವರೆಂಬುದನ್ನು ನಿರ್ಧರಿಸುವವರು ಕಚೇರಿಯ ಗುಮಾಸ್ತರಲ್ಲ. ಊರಿನ ಪ್ರತಿಯೊಂದು ಮನೆಯ ಒಲೆಯನ್ನೂ ಬಲ್ಲ ಹೆಂಗಸರೇ ಕುಳಿತು ಪಟ್ಟಿ ಮಾಡುವರು. (ಗುಮಾಸ್ತರಾದ ನಮ್ಮ ವಾಚಕರು ಕೋಪಿಸಿಕೊಳ್ಳಬಾರದು, ಕಾಗದದಲ್ಲಿ ಕಾಣದುದು ಎಷ್ಟಿರುವುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು?)

ಬೀಜದ ವಿಷಯವನ್ನಂತೂ ವಿಸ್ತರಿಸಿಯೇ ಹೇಳಬೇಕು. ಒಂದೇ ಎಕರೆಯಲ್ಲಿ ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು, ಉದ್ದು, ಅವರೆ, ಎಳ್ಳು ಎಂದು ಹದಿನೈದು ಇಪ್ಪತ್ತು ಬಗೆಯ ಬೆಳೆಗಳನ್ನು ಬೆರೆಸಿ ಬಿತ್ತುವುದು ಅವರ ಪದ್ಧತಿ. ಮಳೆ ಕೈಕೊಟ್ಟು ಒಂದು ಹೋದರೆ ಮತ್ತೊಂದು ಉಳಿಯುವುದು. ಚಳಿಗಾಲದಲ್ಲಿ ಕರಿಮಣ್ಣಿನ ತೇವದಿಂದಲೂ ಇಬ್ಬನಿಯಿಂದಲೂ, ನೀರು ಹಾಯಿಸದೆಯೇ, ಬರುವ ಬೆಳೆಗಳನ್ನು ಅವರು 'ಸತ್ಯಂ ಪಂಟಲು', ಅಂದರೆ ಸತ್ಯದ ಬೆಳೆಗಳು ಎಂದು ಕರೆಯುವರು. ಮಣ್ಣು ಮೆತ್ತಿದ ಬುಟ್ಟಿಗಳಲ್ಲಿ ಬೂದಿ, ಬೇವಿನ ಎಲೆಗಳೊಡನೆ ಬೀಜವನ್ನು ಕಾಪಿಡುವರು. ಬೀಜವನ್ನು ಮಾರುವುದಿಲ್ಲ, ಕಡವಾಗಿ ಕೊಟ್ಟು, ಬೆಳೆ ಬಂದ ಮೇಲೆ ಹೆಚ್ಚಿಸಿ ಹಿಂದಕ್ಕೆ ಪಡೆಯುವರು. ಸಂಕ್ರಾಂತಿಯ ಸುಮಾರಿಗೆ ಈ ಬೀಜಗಳನ್ನು ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿಟ್ಟು ಹಳ್ಳಿಯಿಂದ ಹಳ್ಳಿಗೆ ಮೆರೆಸುವ 'ಪಾತ ಪಂಟಲ ಜಾತರ', ಹಳೆಯ ಬೆಳೆಗಳ ಜಾತ್ರೆ, ಈ ಶತಮಾನದ ಆರಂಭದಿಂದ ನಡೆದುಬಂದಿದೆ. ದೇವರ ತೇರಿನ ಮುಂದೆ ದೂರ ನಿಲ್ಲಬೇಕಾಗಿದ್ದವರ ಮನೆಯ ಬೀಜವು ತೇರನ್ನೇರಿ ಬರುವ ದೃಶ್ಯವು ಸಾಮಾನ್ಯವಾದುದಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಒಂದು ಒಳ್ಳೆಯ ಕೃಷಿ ಸಮಾಚಾರವೆಂದು ಒಳಪುಟದಲ್ಲಿ ಅಚ್ಚು ಮಾಡಿ ಸುಮ್ಮನಾಗಬಹುದಿತ್ತು. ಆದರೆ ಈ ಹೆಂಗಸರು ತಮ್ಮ ಪರವಾಗಿ ತಾವೇ ಮಾತನಾಡಬೇಕೆಂದು ಹಟ ಹಿಡಿದರು. ಆಕಾಶದ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು ೧೯೯೫ರಲ್ಲಿ ತೀರ್ಪಿತ್ತಿತು. ಅದನ್ನು ನಂಬಿ ಮಾಚನೂರಿನಲ್ಲಿ ಬಾನುಲಿ ಕೇಂದ್ರವನ್ನು ಕಟ್ಟಿ, ಅನುಮತಿ ಬಾರದೆ, ಸುಮಾರು ಹತ್ತು ವರ್ಷ ಧ್ವನಿಮುದ್ರಣ ಮಾಡಿ ಸಂಘದ ಸಭೆಗಳಲ್ಲಿ ಕೇಳಿಸುತ್ತ ಕಾದರು. ೨೦೦೮ರ ಅಕ್ಟೋಬರ್ ೧೫ರಂದು ಆ ತೀರ್ಪನ್ನಿತ್ತ ನ್ಯಾಯಮೂರ್ತಿ ಪಿ. ಬಿ. ಸಾವಂತರೇ ಬಂದು 'ಸಂಘಂ ರೇಡಿಯೋ'ವನ್ನು ಉದ್ಘಾಟಿಸಿದರು. ಅದನ್ನು ನಡೆಸಿದ ಇಬ್ಬರು ಹೆಂಗಸರ ಹೆಸರೂ ನರಸಮ್ಮ. ಅವರಲ್ಲೊಬ್ಬಾಕೆಗೆ 'ಜನರಲ್' ಎಂಬ ಬಿರುದೂ ಅಂಟಿಕೊಂಡಿತು. ಇನ್ನು ಕೆಲವರು ಕ್ಯಾಮೆರಾ ಹಿಡಿದು ವರಂಗಲ್ಲಿನ ಹತ್ತಿ ಬೆಳೆಗಾರರ ಬಳಿಗೆ ಹೋಗಿ, ೨೦೦೨ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಿಂದ ಅವರಿಗಾದ ಲಾಭನಷ್ಟವೆಷ್ಟೆಂದು ಕೇಳಿ ಚಿತ್ರಿಸಿದರು. ಅದಕ್ಕೂ ಮುನ್ನ, ೨೦೦೧ರಲ್ಲಿ, ಅಲ್ಗೋಲ್ ಗ್ರಾಮದಲ್ಲಿ 'ಪ್ರಜಾತೀರ್ಪು' ನಡೆಯಿತು. ಕೃಷಿಯನ್ನು ನೆಚ್ಚಿದವರ ಪ್ರಮಾಣವನ್ನು ಶೇಕಡಾ ೭೦ರಿಂದ ೪೦ಕ್ಕೆ ಇಳಿಸುವ ಅಂದಿನ ಆಂಧ್ರ ಸರಕಾರದ ಯೋಜನೆಯನ್ನು ಸಣ್ಣ ರೈತರು, ಅವರಲ್ಲಿಯೂ ಹೆಂಗಸರು, ಪಂಚರಾಗಿ ಕುಳಿತು ವಿಚಾರಿಸಿ, ಬೇಡವೆಂದರು. ೨೦೧೯ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಈ ಸಂಸ್ಥೆಗೆ ಈಕ್ವೇಟರ್ ಪ್ರಶಸ್ತಿಯನ್ನಿತ್ತಿತು.

ಇಂಥ ದೃಷ್ಟಾಂತವು ಜಗತ್ತಿನ ಮತ್ತೊಂದು ತುದಿಯಲ್ಲಿಯೂ ಕಾಣಬರುವುದು. ನಾವು ಶಾಲೆಯಲ್ಲಿ 'ಎಸ್ಕಿಮೋ' ಎಂದು ಓದಿದ, ತಮ್ಮನ್ನು ತಾವು ಇನುಯಿಟ್ ಎಂದು ಕರೆದುಕೊಳ್ಳುವ ಉತ್ತರಧ್ರುವ ಸೀಮೆಯ ಜನರಲ್ಲಿ, ಕೆನಡದ ಹೆಂಗಸರು ೧೯೮೪ರಲ್ಲಿ 'ಪೌಕ್ಟೂಟಿಟ್' ಎಂಬ ಸಂಘವನ್ನು ಕಟ್ಟಿದರು. ಅದೇ ಜನಾಂಗದ ಶೀಲಾ ವಾಟ್-ಕ್ಲೂಟಿಯೇ ಎಂಬಾಕೆ ೨೦೦೫ರಲ್ಲಿ, ಅಮೆರಿಕದ ಹೊಗೆಯಿಂದ ಭೂಮಿ ಕಾದು ತಮ್ಮ ಹಿಮ ಕರಗುತ್ತಿದೆ, ಅದರೊಡನೆ ತಮ್ಮ ಬೇಟೆಯೂ ಬದುಕೂ ಹೋಗುತ್ತಿವೆ ಎಂದು ಅಮೆರಿಕ ಖಂಡಗಳ ಮಾನವ ಹಕ್ಕುಗಳ ಆಯೋಗಕ್ಕೆ ದೂರಿತ್ತರು. ಆಯೋಗವು ದೂರನ್ನು ಕೈಗೆತ್ತಿಕೊಳ್ಳಲಿಲ್ಲ. ಆದರೆ ೨೦೦೭ರಲ್ಲಿ ಆಕೆಯನ್ನು ಕರೆಸಿ ಮಾತನ್ನು ಕೇಳಬೇಕಾಯಿತು. ಅಲ್ಲಿ ಹಿಮ, ಇಲ್ಲಿ ಕರಿಮಣ್ಣು. ದೂರು ಒಂದೇ ಬಗೆಯದು. ತಮ್ಮ ಊಟ ಯಾವುದೆಂದು ದೂರದವರು ನಿರ್ಧರಿಸಿದರು, ತಮ್ಮನ್ನು ಕೇಳಲಿಲ್ಲ.

ಎಲ್ಲವೂ ಗೆದ್ದ ಕಥೆಯೆಂದು ನಾವು ಹೇಳಲಾರೆವು. ೨೦೧೩ರ ಆಹಾರ ಭದ್ರತಾ ಶಾಸನದಲ್ಲಿ ಜೋಳ, ಸಜ್ಜೆ, ರಾಗಿಗಳಿಗೂ ಸ್ಥಾನ ದೊರೆಯಿತು. ಆದರೂ ಪಡಿತರದ ಅಂಗಡಿಯೆಂದರೆ ಇಂದಿಗೂ ಅಕ್ಕಿಯ ಚೀಲವೇ ಕಣ್ಣಿಗೆ ಕಟ್ಟುವುದು. ೨೦೨೩ನ್ನು ಜಗತ್ತೆಲ್ಲ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಇತ್ತ ನ್ಯಾಲಕಲ್, ಝರಾಸಂಗಂ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆಂದು ಹನ್ನೆರಡು ಸಾವಿರ ಎಕರೆಗೂ ಮಿಕ್ಕ ಭೂಮಿಯನ್ನು ಗುರುತಿಸಲಾಗಿದೆ. ಕೈಗಾರಿಕೆ ಬೇಡವೆನ್ನುವವರು ನಾವಲ್ಲ. ನಾವೇ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಆದರೆ ಯಾರ ಹೊಲದಲ್ಲಿ ಗೂಟ ನೆಡುವರೋ ಆಕೆಯ ಸಮ್ಮತಿಯನ್ನು ಮೊದಲು ಪಡೆಯಬೇಕೆಂದು ಕೇಳುವುದು ಅತಿಯೇನೂ ಆಗದು.

ಇನ್ನು ನಮ್ಮ ಮನೆಯ ಮಾತು. ಈ ನಗರದ ನಮ್ಮ ಹೋಟೆಲುಗಳಲ್ಲಿ ಈಗ ಜೋಳದ ರೊಟ್ಟಿಗೂ ರಾಗಿದೋಸೆಗೂ ಗಿರಾಕಿಗಳು ಹೆಚ್ಚಿದ್ದಾರೆ. ಬಡವರ ಊಟಕ್ಕೆ ಶ್ರೀಮಂತರ ಬೆಲೆ ಬಂದಿದೆ. ಆ ಬೆಲೆಯಲ್ಲಿ ಬೆಳೆದವಳಿಗೆ ಸಲ್ಲುವುದೆಷ್ಟೆಂದು ಮಾಲೀಕರು ವಿಚಾರಿಸಲಿ. ಸಗಟು ಮಂಡಿಯನ್ನು ಬಿಟ್ಟು ನೇರವಾಗಿ ಇಂಥ ಸಂಘಗಳಿಂದಲೇ ಕೊಳ್ಳಲಾಗುವುದೇ ಎಂದು ನೋಡಲಿ. ನಮ್ಮ ಕನ್ನಡ ಸಂಘಸಂಸ್ಥೆಗಳಲ್ಲಿಯಾದರೋ, ರಾಜ್ಯೋತ್ಸವದ ದಿನ ಹೆಂಗಸರಿಗೆ ಆರತಿಯ ತಟ್ಟೆ, ಸ್ವಾಗತಗೀತೆ, ರಂಗೋಲಿ. ಕಾರ್ಯಕಾರಿ ಸಮಿತಿಯ ಪಟ್ಟಿಯಲ್ಲಿ ಹೆಸರು ಒಂದೋ ಎರಡೋ. ಹೋಟೆಲಿನಲ್ಲಿ ದುಡಿಯುವವನು ಮನೆ ಸೇರುವುದು ರಾತ್ರಿ ಹನ್ನೊಂದಕ್ಕೆ. ಮಗುವಿನ ಶಾಲೆಯ ಅರ್ಜಿ, ಪಡಿತರ ಚೀಟಿ, ಆಸ್ಪತ್ರೆಯ ಸಾಲು, ಬಾಡಿಗೆ ಮನೆಯ ಜಗಳ, ಇವೆಲ್ಲವನ್ನೂ ಪರಭಾಷೆಯ ಊರಿನಲ್ಲಿ ಎದುರಿಸುತ್ತಿರುವವಳು ಅವನ ಹೆಂಡತಿ. ನಮ್ಮ ಸಮಾಜದ ಕುಂದುಕೊರತೆಗಳನ್ನು ಆಕೆಯಷ್ಟು ಬಲ್ಲ ಅಧ್ಯಕ್ಷರನ್ನು ನಾವಿನ್ನೂ ಕಂಡಿಲ್ಲ. ಬರುವ ವಾರ್ಷಿಕ ಮಹಾಸಭೆಗಳಲ್ಲಿ ಸಮಿತಿಯ ಅರ್ಧ ಸ್ಥಾನಗಳನ್ನು ಹೆಂಗಸರಿಗೆ ಬಿಟ್ಟುಕೊಡುವ ನಿರ್ಣಯವನ್ನು ಯಾರಾದರೂ ಮಂಡಿಸಬೇಕೆಂದು ಕೋರುತ್ತೇವೆ. ಸಭೆಯನ್ನು ಭಾನುವಾರ ಮಧ್ಯಾಹ್ನ ಮೂರರಿಂದ ಐದು ಗಂಟೆಯೊಳಗೆ ಇಟ್ಟುಕೊಂಡರೆ ಅವರೂ ಬರಲು ಅನುಕೂಲವಾದೀತು.