ಜೀತವನ್ನು ಮುರಿದುದು ಮಹಾಮಾರಿಯೆ?

ಇಂಗ್ಲೆಂಡಿನ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಒಂದು ಸಿದ್ಧ ಸಮೀಕರಣ ದೊರೆಯುತ್ತದೆ. ೧೩೪೮ರಲ್ಲಿ ಪ್ಲೇಗು ಬಂದಿತು, ಜನ ಸತ್ತರು, ದುಡಿಯುವ ಕೈಗಳು ಕಡಮೆಯಾದವು, ಕೂಲಿ ಏರಿತು, ಜೀತ ಅಳಿಯಿತು. ಪರೀಕ್ಷೆಯಲ್ಲಿ ಬರೆಯುವುದಕ್ಕೆ ಇದು ಬಹಳ ಅನುಕೂಲವಾದ ಉತ್ತರವೇ ಸರಿ. ಆದರೆ ಇದು ಅರ್ಧ ಸತ್ಯವೆಂದೂ, ಉಳಿದರ್ಧವೇ ಹೆಚ್ಚು ಮುಖ್ಯವೆಂದೂ ನಾವು ಭಾವಿಸುತ್ತೇವೆ. ಒಂದು ಘಟನೆಯ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಪ್ರಯೋಗಶಾಲೆಯಲ್ಲಿ ನಾವು ಒಪ್ಪುವುದಿಲ್ಲವಷ್ಟೆ. ಚರಿತ್ರೆಯಲ್ಲಿ ಮಾತ್ರ ಏಕೆ ಒಪ್ಪಬೇಕು?

ವಿಜ್ಞಾನವು ಇತ್ಯರ್ಥಗೊಳಿಸಿರುವುದನ್ನು ಮೊದಲು ಹೇಳಿಬಿಡೋಣ. ೧೩೪೮ರ ಬೇಸಗೆಯಲ್ಲಿ ಡಾರ್ಸೆಟ್ ಕರಾವಳಿಯ ಮೆಲ್ಕಮ್ ಬಂದರಿನಲ್ಲಿ ಇಳಿದ ರೋಗ ಮರುವರ್ಷ ಮುಗಿಯುವುದರೊಳಗೆ ದೇಶವನ್ನೆಲ್ಲ ವ್ಯಾಪಿಸಿತು. ಜನಸಂಖ್ಯೆಯ ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದಷ್ಟು, ಪ್ರಾಯಶಃ ಅರ್ಧದಷ್ಟು ಮಂದಿ ಮಡಿದರು. ಲಂಡನ್ ಕೋಟೆಯ ಬಳಿ ಈಸ್ಟ್ ಸ್ಮಿತ್‌ಫೀಲ್ಡಿನಲ್ಲಿ ಅಂದು ಹೂಳಲ್ಪಟ್ಟವರ ಹಲ್ಲುಗಳಿಂದ ತೆಗೆದ ಡಿ.ಎನ್.ಎ.ಯನ್ನು ಜೋಡಿಸಿ, ೨೦೧೧ರಲ್ಲಿ ವಿಜ್ಞಾನಿಗಳು ಆ ಕಾಲದ ರೋಗಾಣುವಿನ ವಂಶಲಿಪಿಯನ್ನು ಓದಿದರು. ಅದು ಯೆರ್ಸಿನಿಯಾ ಪೆಸ್ಟಿಸ್. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡ್ರ ಯೆರ್ಸಿನ್ ಕಂಡುಹಿಡಿದ, ೧೮೯೮ರಲ್ಲಿ ನಮ್ಮ ಬೆಂಗಳೂರನ್ನು ತಲ್ಲಣಗೊಳಿಸಿದ ಅದೇ ಜಾತಿಯ ಅಣು. ಕೊಂದವರಾರೆಂಬ ವಿಷಯದಲ್ಲಿ ಇನ್ನು ವಾದವಿಲ್ಲ. ವಾದವಿರುವುದು ಬಿಡಿಸಿದವರಾರೆಂಬುದರಲ್ಲಿ.

ಬಿಡಿಸಿದುದು ಯಾವುದರಿಂದ? ಅಂದಿನ ಇಂಗ್ಲೆಂಡಿನ ರೈತರಲ್ಲಿ ಬಹುಭಾಗ ಮಂದಿ 'ವಿಲೆನ್'ಗಳು, ಎಂದರೆ ಪ್ರಭುವಿನ ಜಹಗೀರಿಗೆ ಕಟ್ಟುಬಿದ್ದ ಒಕ್ಕಲುಗಳು. ಪ್ರಭುವಿನ ಹೊಲದಲ್ಲಿ ಅವರು ವಾರದಲ್ಲಿ ಇಷ್ಟು ದಿನವೆಂದು ಬಿಟ್ಟಿ ದುಡಿಯಬೇಕು. ಮಗಳ ಮದುವೆಗೆ ಅಪ್ಪಣೆಯನ್ನು ದುಡ್ಡು ಕೊಟ್ಟು ಪಡೆಯಬೇಕು. ಯಜಮಾನ ಸತ್ತರೆ ಮನೆಯ ದನಗಳಲ್ಲಿ ಉತ್ತಮವಾದುದು ಪ್ರಭುವಿನ ಕೊಟ್ಟಿಗೆಗೆ ಹೋಗಬೇಕು. ಇವೆಲ್ಲವೂ ಜಹಗೀರಿನ ನ್ಯಾಯಸ್ಥಾನದ ಸುರುಳಿ ದಫ್ತರಗಳಲ್ಲಿ ಲ್ಯಾಟಿನ್ ಭಾಷೆಯಲ್ಲಿ ದಾಖಲಾಗಿರುತ್ತಿದ್ದವು.

ಪ್ಲೇಗಿನ ತರುವಾಯ ಪ್ರಭುಗಳು ಕೈಕಟ್ಟಿ ಕುಳಿತಿರಲಿಲ್ಲ. ರೋಗವಿನ್ನೂ ಅಡಗದಿದ್ದ ೧೩೪೯ರಲ್ಲೇ ಮೂರನೆಯ ಎಡ್ವರ್ಡ್ ದೊರೆಯ ಸರಕಾರ ಕೂಲಿಯವರ ಮೇಲೆ ಆಜ್ಞೆ ಹೊರಡಿಸಿತು. ೧೩೫೧ರಲ್ಲಿ ಪಾರ್ಲಿಮೆಂಟು ಅದನ್ನು ಕಾನೂನಾಗಿ ಬಿಗಿಗೊಳಿಸಿತು. ಕೂಲಿಯ ದರ ಪ್ಲೇಗಿಗೆ ಹಿಂದಿನದೇ ಇರತಕ್ಕದ್ದು, ಅರವತ್ತರೊಳಗಿನ, ಬೇರೆ ಜೀವನೋಪಾಯವಿಲ್ಲದ ಸಶಕ್ತರೆಲ್ಲ ಕರೆದಲ್ಲಿ ದುಡಿಯತಕ್ಕದ್ದು, ಮೀರಿದವರಿಗೆ ಸೆರೆ. ಕೊಯ್ಲಿಗೆ ಆಗಸ್ಟಿನ ಮೊದಲ ವಾರ ೨ ಪೆನ್ನಿ, ಎರಡನೆಯ ವಾರ ೩ ಪೆನ್ನಿ ಎಂಬಷ್ಟು ವಿವರವಾಗಿ ದರಗಳನ್ನು ಗೊತ್ತುಮಾಡಿದ್ದರು. ೧೩೬೩ರಲ್ಲಿ ಇನ್ನೊಂದು ಕಾನೂನು ಯಾವ ಅಂತಸ್ತಿನವರು ಎಂಥ ಬಟ್ಟೆ ತೊಡಬಹುದೆಂಬುದನ್ನೂ ವಿಧಿಸಹೊರಟಿತು. ಅದು ಬಹುಬೇಗ ರದ್ದಾಯಿತು. (ಬಡವನ ಅಂಗಿಯ ಬಣ್ಣಕ್ಕೆ ಪಾರ್ಲಿಮೆಂಟು ಗಾಬರಿಗೊಂಡಿತೆಂದರೆ ಸಮಾಜದ ಬುಡ ಎಷ್ಟು ಅಲುಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.)

ಸಮೀಕರಣವನ್ನು ನಂಬುವವರು ಗಮನಿಸಬೇಕಾದ ಸಂಗತಿಯೊಂದುಂಟು. ಕೈಗೆ ಬರುವ ನಾಣ್ಯ ಹೆಚ್ಚಿದರೂ ಪ್ಲೇಗಿನ ಮುಂದಿನ ಸುಮಾರು ಇಪ್ಪತ್ತೈದು ವರ್ಷ ಧಾನ್ಯದ ಬೆಲೆಯೂ ಮೇಲೆಯೇ ಇದ್ದುದರಿಂದ ಕೂಲಿಯವನ ಹೊಟ್ಟೆಗೆ ಅಂಥ ಲಾಭವೇನೂ ಆಗಲಿಲ್ಲ. ೧೩೭೦ರ ದಶಕದ ನಡುವಿನಲ್ಲಿ ಒಳ್ಳೆಯ ಬೆಳೆಗಳಾಗಿ ಬೆಲೆ ಇಳಿದ ಮೇಲೆಯೇ ಅವನ ಕೂಲಿಗೆ ನಿಜವಾದ ಬೆಲೆ ಬಂದುದು. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಇನ್ನು ಒಂದು ಹೋಲಿಕೆ. ಒಂದೇ ಮಳೆ ಎರಡು ಹೊಲಗಳ ಮೇಲೆ ಸುರಿದು, ಒಂದರಲ್ಲಿ ಪೈರೂ ಮತ್ತೊಂದರಲ್ಲಿ ಕಳೆಯೂ ಬೆಳೆದರೆ, ಮಳೆಯನ್ನು ಬಿಟ್ಟು ನೆಲವನ್ನು ಪರೀಕ್ಷಿಸುವುದು ವಿವೇಕ. ೧೩೪೭ರಲ್ಲಿ ಇದೇ ಪ್ಲೇಗು ಅಲೆಕ್ಸಾಂಡ್ರಿಯದ ಮೂಲಕ ಈಜಿಪ್ಟನ್ನು ಹೊಕ್ಕಿತು. ಅಲ್ಲಿಯೂ ಸಾವು ಅಷ್ಟೇ ಘೋರ. ದುಡಿಯುವವರ ಅಭಾವವೂ ಅಷ್ಟೇ. ಆದರೆ ಅಲ್ಲಿಯ ಭೂಮಿ ಮಾಮ್ಲೂಕ್ ಸೈನ್ಯಾಧಿಕಾರಿಗಳಿಗೆ ಸಂಬಳಕ್ಕೆ ಬದಲಾಗಿ ಕೊಟ್ಟದ್ದು, ವಂಶಪಾರಂಪರ್ಯವಾಗಿ ಬರುವಂಥದಲ್ಲ. ಅವರು ಕೈರೋ ನಗರದಲ್ಲಿ ಕುಳಿತು ಹಳ್ಳಿಯ ಹುಟ್ಟುವಳಿಯನ್ನು ಹಿಂಡಿದರು. ಕೆಲಸಕ್ಕೆ ಜನ ಸಾಲದೆ ನೈಲ್ ನದಿಯ ಕಟ್ಟೆ ಕಾಲುವೆಗಳು ಹಾಳುಬಿದ್ದವು, ಇಳುವರಿ ಕುಸಿಯಿತು, ರೈತನ ಪಾಡು ಸುಧಾರಿಸುವುದರ ಬದಲು ಹದಗೆಟ್ಟಿತು. ಯೂರೋಪಿನಲ್ಲಿಯೇ ಎಲ್ಬೆ ನದಿಯ ಪೂರ್ವಕ್ಕೆ, ಇಂಗ್ಲೆಂಡಿನಲ್ಲಿ ಜೀತ ಸಡಿಲುತ್ತಿದ್ದ ಹದಿನೈದನೆಯ ಶತಮಾನದಲ್ಲಿ, ಅದು ಹೊಸದಾಗಿ ಬಿಗಿಯತೊಡಗಿತು. ಆದುದರಿಂದ ಚಿಗಟಕ್ಕೆ ವಿಮೋಚಕನ ಪಟ್ಟ ಕಟ್ಟುವುದು ಅವಸರದ ಕೆಲಸ.

ಹಾಗಾದರೆ ಇಂಗ್ಲೆಂಡಿನ ನೆಲದಲ್ಲಿ ಏನಿತ್ತು? ಒಬ್ಬರಿಗೊಬ್ಬರು ಪೈಪೋಟಿಯಲ್ಲಿದ್ದ ಅನೇಕ ಪ್ರಭುಗಳಿದ್ದರು. ಓಡಿಹೋದ ಒಕ್ಕಲನ್ನು ನೆರೆಯ ಜಹಗೀರಿನವನು, ಯಾರೆಂದು ಕೇಳದೆ, ಹೆಚ್ಚು ಕೂಲಿಗೆ ಇಟ್ಟುಕೊಳ್ಳುತ್ತಿದ್ದ. ತಾವೇ ಬೇಡಿ ಪಡೆದ ಕಾನೂನನ್ನು ಪ್ರಭುಗಳೇ ಮುರಿದರು. ಇದಕ್ಕಿಂತ ಮುಖ್ಯವಾಗಿ, ಒಟ್ಟುಗೂಡಿ ಪ್ರತಿಭಟಿಸುವ ಹಳೆಯ ಅಭ್ಯಾಸ ಹಳ್ಳಿಗಳಲ್ಲಿತ್ತು. ಇದು ಪ್ಲೇಗಿಗೆ ಹಿಂದಿನದು. ಸೇಂಟ್ ಆಲ್ಬನ್ಸ್ ಮಠದ ಕಥೆ ಇದಕ್ಕೆ ಸಾಕ್ಷಿ.

೧೩೨೭ರಲ್ಲಿ ಆ ಮಠಕ್ಕೆ ಅಧಿಪತಿಯಾದವನು ವಾಲಿಂಗ್‌ಫರ್ಡಿನ ರಿಚರ್ಡ್. ಕಮ್ಮಾರನ ಮಗ, ಆಕ್ಸ್‌ಫರ್ಡಿನಲ್ಲಿ ಓದಿದವನು, ಆ ಶತಮಾನದ ಶ್ರೇಷ್ಠ ಗಣಿತಜ್ಞರಲ್ಲಿ ಒಬ್ಬ. ಚಂದ್ರನ ವೃದ್ಧಿಕ್ಷಯಗಳನ್ನೂ ಗ್ರಹಣಗಳನ್ನೂ ಲಂಡನ್ ಸೇತುವೆಯ ಬಳಿಯ ಭರತವನ್ನೂ ತೋರಿಸುವ ಅದ್ಭುತ ಗಡಿಯಾರವೊಂದನ್ನು ಆತ ಮಠಕ್ಕಾಗಿ ರಚಿಸಿದ. ವಿಜ್ಞಾನದ ಚರಿತ್ರೆಯಲ್ಲಿ ಅವನಿಗೆ ಗೌರವದ ಸ್ಥಾನ ಸಲ್ಲಬೇಕು. ಆದರೆ ಈ ಯಂತ್ರಶಿಲ್ಪಿಯೇ ತನ್ನ ಒಕ್ಕಲುಗಳ ಮನೆಗಳಿಂದ ಬೀಸುವ ಕಲ್ಲುಗಳನ್ನು ಕಿತ್ತು ತರಿಸಿದ. ಮನೆಯಲ್ಲಿ ಬೀಸಿಕೊಂಡರೆ ಮಠದ ಗಿರಣಿಗೆ ಸಲ್ಲುವ ಹಿಟ್ಟಿನ ಪಾಲು ತಪ್ಪುತ್ತಿತ್ತು. ಹಾಗೆ ತಂದ ಕಲ್ಲುಗಳನ್ನು ಮಠದ ಒಂದು ಕೋಣೆಯ ನೆಲಕ್ಕೆ ಹಾಸಿದರು. ಒಕ್ಕಲುಗಳು ಮರೆಯಲಿಲ್ಲ. ೧೩೮೧ರಲ್ಲಿ, ಅವರ ಮಕ್ಕಳೂ ಮೊಮ್ಮಕ್ಕಳೂ ಮಠಕ್ಕೆ ನುಗ್ಗಿ ಆ ಕಲ್ಲುಗಳನ್ನು ಎಬ್ಬಿಸಿ, ಒಡೆದು, ಇಗರ್ಜಿಯಲ್ಲಿ ಭಾನುವಾರ ಹರಸಿದ ರೊಟ್ಟಿಯನ್ನು ಹಂಚುವ ರೀತಿಯಲ್ಲಿ ತುಂಡುಗಳನ್ನು ಹಂಚಿಕೊಂಡರೆಂದು ಆ ಮಠದ ಚರಿತ್ರಕಾರನೇ ಬರೆದಿಟ್ಟಿದ್ದಾನೆ. ಐವತ್ತು ವರ್ಷ ಬಾಳಿದ ಈ ನೆನಪನ್ನು ಯಾವ ರೋಗಾಣುವೂ ತಂದುಕೊಡಲಿಲ್ಲ.

ಆ ವರ್ಷದ ದಂಗೆಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳುತ್ತೇವೆ. ಫ್ರಾನ್ಸಿನೊಡನೆ ೧೩೩೭ರಿಂದ ನಡೆಯುತ್ತಿದ್ದ ಯುದ್ಧಕ್ಕೆ ಹಣ ಬೇಕಾಗಿ ಪಾರ್ಲಿಮೆಂಟು ೧೩೭೭ರಲ್ಲಿ ತಲೆಗೆ ೪ ಪೆನ್ನಿಯಂತೆ ಹಾಕಿದ ತಲೆಗಂದಾಯವನ್ನು ೧೩೮೦ರಲ್ಲಿ ೧೨ ಪೆನ್ನಿಗೆ ಏರಿಸಿತು. ಎಸೆಕ್ಸ್, ಕೆಂಟ್ ಪ್ರಾಂತಗಳು ಸಿಡಿದವು. ವಾಟ್ ಟೈಲರನ ನೇತೃತ್ವದಲ್ಲಿ ಜನ ಲಂಡನ್ನನ್ನು ಹೊಕ್ಕರು. ಹದಿನಾಲ್ಕು ವರ್ಷದ ದೊರೆ ಎರಡನೆಯ ರಿಚರ್ಡ್ ಜೂನ್ ೧೪ರಂದು ಮೈಲ್ ಎಂಡಿನಲ್ಲಿ ಜೀತವನ್ನು ರದ್ದುಮಾಡುವುದಾಗಿ ಮಾತು ಕೊಟ್ಟ. ಮರುದಿನ ಟೈಲರ್ ಸತ್ತ. ಜುಲೈ ತಿಂಗಳಲ್ಲಿ ದೊರೆ ಕೊಟ್ಟ ಸನ್ನದುಗಳನ್ನೆಲ್ಲ ಹಿಂದೆಗೆದುಕೊಂಡ. ಇಲ್ಲಿ ನಮ್ಮ ಗಮನ ಸೆಳೆಯುವುದು ಬೇರೆ ವಿಷಯ: ಊರೂರುಗಳಲ್ಲಿ ದಂಗೆಕೋರರು ಹುಡುಕಿ ಸುಟ್ಟುದು ಜಹಗೀರಿನ ಸುರುಳಿ ದಫ್ತರಗಳನ್ನು. ತಮ್ಮನ್ನು ಕಟ್ಟಿದ ಹಗ್ಗ ಯಾವುದೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಈ ಕಾಲದಲ್ಲಿ ಪಾರ್ಲಿಮೆಂಟಿನ ಬಲ ಬೆಳೆದುದನ್ನೂ ಜೀತದ ಅಳಿವನ್ನೂ ಒಂದೇ ಉಸಿರಿನಲ್ಲಿ ಹೊಗಳುವ ರೂಢಿಯುಂಟು. ನಾವು ಇದನ್ನೂ ಒಪ್ಪಲಾರೆವು. ೧೩೭೬ರಲ್ಲಿ ಪೀಟರ್ ಡಿ ಲಾ ಮೇರ್‌ನ ಮುಖಂಡತನದಲ್ಲಿ ದೊರೆಯ ಆಪ್ತರನ್ನೇ ವಿಚಾರಣೆಗೆ ಗುರಿಪಡಿಸಿದ ಜನಪ್ರತಿನಿಧಿ ಸಭೆ ದಿಟ್ಟವಾದುದೇ. ಆದರೆ ಅಲ್ಲಿ ಕುಳಿತವರು ನೈಟರು ಮತ್ತು ಪಟ್ಟಣದ ವರ್ತಕರು. ಕೂಲಿಯನ್ನು ಅದುಮುವ ಕಾನೂನಿಗಾಗಿ ಅಹವಾಲು ಸಲ್ಲಿಸಿದವರು ಈ ವರ್ಗದವರೇ. ದೊರೆಯಿಂದ ಅವರು ಗಳಿಸಿದ ಸ್ವಾತಂತ್ರ್ಯ ನೇಗಿಲು ಹಿಡಿದವನ ಮನೆಯ ಬಾಗಿಲಿಗೆ ಬರಲಿಲ್ಲ.

ಆ ಬಾಗಿಲಿಗೆ ಬಂದುದು ಸದ್ದಿಲ್ಲದ ಚೌಕಾಶಿಯಿಂದ. ಪ್ಲೇಗು ೧೩೬೧ರಲ್ಲೂ ೧೩೬೯ರಲ್ಲೂ ಮರಳಿ ಬಂದು ಜನಸಂಖ್ಯೆ ಚೇತರಿಸದಂತೆ ಮಾಡಿತು. ಈ ಮಟ್ಟಿಗೆ ಅದರ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಒಕ್ಕಲುಗಳು ಬಿಟ್ಟಿಯನ್ನು ನಿರಾಕರಿಸಿದರು, ದಂಡ ತೆರಲೊಲ್ಲದೆ ಊರು ಬಿಟ್ಟರು, ಉಳಿದವರು ಗೇಣಿಯ ಮೇಲೆ ಪಟ್ಟುಹಿಡಿದರು. ಪ್ರಭುಗಳು ಸ್ವಂತ ಸಾಗುವಳಿಯನ್ನು ಬಿಟ್ಟು ಭೂಮಿಯನ್ನು ಗುತ್ತಿಗೆಗೆ ಕೊಟ್ಟರು. ಹದಿನೈದನೆಯ ಶತಮಾನದಲ್ಲಿ, ಒಂದು ಕಾಲಕ್ಕೆ ಬೆಂಕಿಗೆ ಹಾಕಿದ ಅದೇ ದಫ್ತರದ ನಕಲು ಪ್ರತಿಯೊಂದನ್ನು ಒಕ್ಕಲು ತನ್ನ ಹಕ್ಕಿನ ಆಧಾರವಾಗಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವಂತಾಯಿತು. ಜೀತವನ್ನು ರದ್ದುಗೊಳಿಸುವ ಕಾನೂನನ್ನು ಮಾತ್ರ ಪಾರ್ಲಿಮೆಂಟು ಎಂದೂ ಮಾಡಲಿಲ್ಲ. ೧೫೭೪ರಲ್ಲಿ, ಮಹಾಮಾರಿ ಬಂದು ೨೨೬ ವರ್ಷಗಳಾದ ಮೇಲೆ, ಎಲಿಜಬೆತ್ ರಾಣಿಯ ಸ್ವಂತ ಜಹಗೀರುಗಳಲ್ಲಿ ಇನ್ನೂ ಕೆಲವರು ಜೀತದಾಳುಗಳು ಉಳಿದಿದ್ದರು. ಅವರನ್ನು ಬಿಡುಗಡೆ ಮಾಡಲು ರಾಣಿ ಅಧಿಕಾರಿಗಳನ್ನು ನೇಮಿಸಿದಳು. ಬಿಡುಗಡೆಗೆ ಅವರಿಂದ ದುಡ್ಡು ವಸೂಲುಮಾಡಬೇಕೆಂಬ ಅಪ್ಪಣೆಯೂ ಜೊತೆಗಿತ್ತು.