ಸೌಂಡ್ ಅಣ್ಣಗ ಬೈಯೋದು ಬಿಡ್ರಿ (ಭಾಗ 3)

ಗಿಟಾರ್ ಕಟ್ ಆದ ಕೂಡ್ಲೇ "ಏ ಸೌಂಡ್!" ಅಂತ ಒದರ್ತೀರಲ್ಲ, ಒಂದು ನಿಮಿಷ ನಿಂದ್ರಿ. ನಾನೂ ಒದರಿದವನೇ. ಗಂಗಾವತಿಯಾಗ ಒಂದು ಗಣಪತಿ ಕಾರ್ಯಕ್ರಮದಾಗ ಎಲ್ಲರ ಮುಂದ ಬೈದೆ. ತಪ್ಪು ನಂದಿತ್ತು.

ನಾವು ಆನ್‌ಲೈನ್‌ನಾಗ ತರಿಸೋ ಸಣ್ಣ ವೈರ್‌ಲೆಸ್ ಸೆಟ್ ಬಹಳಷ್ಟು 2.4 ಗಿಗಾಹರ್ಟ್ಜ್‌ನಾಗ ನಡೀತಾವ. ವೈಫೈ, ಬ್ಲೂಟೂತ್ ಓಡಾಡೋದೂ ಅದೇ ಓಣಿಯಾಗ. ಮೇಲಾಗಿ ನಮ್ಮ ಮೈಯಾಗಿನ ನೀರು ಆ ಸಿಗ್ನಲ್ ಹೀರ್ಕೊಂತೈತಿ. ಸಂಜೀಕ ಖಾಲಿ ಮೈದಾನದಾಗ ಚೆಕ್ ಮಾಡಿದಾಗ ಸರಿ ಇದ್ದದ್ದು, ಜನ ತುಂಬಿ ಹಾಟ್‌ಸ್ಪಾಟ್ ಆನ್ ಆದ ಮ್ಯಾಲೆ ಕೈ ಕೊಡ್ತೈತಿ. ನಾನು ರಿಸೀವರ್ ಇಟ್ಟಿದ್ದು ಆಂಪ್ ಹಿಂದ, ನೆಲದ ಮ್ಯಾಲೆ! ಇದಕ್ಕ ಮಿಕ್ಸರ್ ಮುಂದ ಕುಂತವ್ರು ಏನು ಮಾಡ್ಬೇಕು?

ಅದಕ್ಕ:
👉 ರಿಸೀವರ್ ಎದೆ ಎತ್ತರಕ್ಕ, ನಿಮಗ ನೇರ ಕಾಣೋ ಹಂಗ ಇಡ್ರಿ. ವೈಫೈ ರೂಟರ್‌ನಿಂದ ದೂರ.
👉 ಎರಡೂ ಕಡೆ ಚಾನೆಲ್ ಒಂದೇ ಇರ್ಲಿ. ಕರಕರ ಅಂದ್ರ ಎರಡೂ ಬದಲಿಸ್ರಿ.
👉 ಆಂಪ್ ವಾಲ್ಯೂಮ್ ಸೊನ್ನೆ ಮಾಡಿ ಆಮೇಲೆ ಆನ್ ಮಾಡ್ರಿ. ಇಲ್ಲಾಂದ್ರ ಸ್ಪೀಕರ್ ಢಬ್ ಅಂತೈತಿ.
👉 ಹಿಂದಿನ ರಾತ್ರೀನೇ ಫುಲ್ ಚಾರ್ಜ್.
👉 ಬ್ಯಾಗಿನಾಗ ಒಂದು ಕೇಬಲ್ ಕಾಯಂ.

ಕುಂತು ಬಾರಿಸೋರಿಗೆ ವೈರ್‌ಲೆಸ್ ಯಾಕ ಬೇಕು ಹೇಳ್ರಿ? ಕೇಬಲ್ ಹಚ್ಚಿದ್ರ ಮರ್ಯಾದಿ ಹೋಗಲ್ಲ. ಓಡಾಡಿ ಬಾರಿಸೋರು ತಗೋರಿ, ಆದ್ರ ಕಲ್ತು ತಗೋರಿ.

ಆ ಅಣ್ಣ ಮುಂಜಾನೆಯಿಂದ ಬಾಕ್ಸ್ ಹೊತ್ತಿದ್ರು. ನಾನು ಬೈದ ಮ್ಯಾಲೂ ಅವ್ರೇ ತಮ್ಮ ಕೇಬಲ್ ತಂದು ಕೊಟ್ರು. ಅದರ ಮ್ಯಾಲೇ ಹಾಡು ಮುಗೀತು. ಸಾರಿ ಕೇಳಾಕ ನನಗ 2 ದಿನ ಹಿಡೀತು. ನೀವು ಅಷ್ಟು ತಡ ಮಾಡಬ್ಯಾಡ್ರಿ.

#ಕೊಪ್ಪಳ #ಗಂಗಾವತಿ #ಗಿಟಾರ್